ಕ್ಯಾಪ್ ತಿರುಗಿಸೋ ಮೊದಲು ಮೀಟರ್ ಹಿಡಿಯಿರಿ

ಹಳೆ ಕಾರು: ಓದುಗರ ಪ್ರಶ್ನೆಗೆ ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನದು 1972ರ ಫೋಕ್ಸ್‌ವ್ಯಾಗನ್ ಬೀಟಲ್. ಸೋಲೆಕ್ಸ್ 34 ಪಿಕ್ಟ್-3 ಕಾರ್ಬ್ಯುರೇಟರ್, ಎಲೆಕ್ಟ್ರಿಕ್ ಚೋಕ್. ಹೋದ ವರ್ಷ ಪಾಯಿಂಟ್ (ಕಿಡಿಗೆ ಕರೆಂಟ್ ಕಡಿದು ಕೊಡೋ ಹಳೆ ಸ್ವಿಚ್) ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ, ಜೊತೆಗೆ ಹೊಸ ಕಾಯಿಲ್. ಆಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕರಿ ಹೊಗೆ. ಹುಬ್ಬಳ್ಳಿ ಕಡೆ ಹೊರಟರೆ ಸತ್ತೂರು ದಾಟೋವರೆಗೂ ಚೋಕ್ ಬಿಡೋದೇ ಇಲ್ಲ. ಪ್ಲಗ್ ಬಿಚ್ಚಿದರೆ ಮಸಿ. ಚೋಕ್ ಕ್ಯಾಪ್ ಅತ್ತ ಇತ್ತ ತಿರುಗಿಸಿದ್ದೂ ಆಯ್ತು. ಈಗ ಮೆಕ್ಯಾನಿಕ್ ಚೋಕ್ ಪ್ಲೇಟನ್ನೇ ಕಿತ್ತು ಹಾಕೋಣ ಅಂತಾರೆ. ಕೀಳಿಸಲಾ?
(ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ದಯವಿಟ್ಟು ಬೇಡ. ತಣ್ಣನೆ ಎಂಜಿನ್ ಹಿಡಿಯೋಕೆ ಗಾಳಿ ತಡೆದು ಪೆಟ್ರೋಲ್ ಪ್ರಮಾಣ ಹೆಚ್ಚಿಸೋದೇ ಚೋಕ್ ಪ್ಲೇಟಿನ ಕೆಲಸ. ಹಾಗೆ ಪ್ಲೇಟ್ ಕಿತ್ತ ಕಾರ್ಬ್ಯುರೇಟರ್‌ಗಳು ನಮ್ಮ ಗೋಕುಲ ರೋಡಿನ ಶೆಡ್ಡಿಗೆ ಬಂದಾಗ ನಿಜವಾಗ್ಲೂ ಬೇಜಾರಾಗುತ್ತದೆ. ಕಿತ್ತ ಪ್ಲೇಟು, ಅದರ ಸಣ್ಣ ಸ್ಕ್ರೂ, ಶಾಫ್ಟು ಆಮೇಲೆ ಸಿಗೋದಿಲ್ಲ. ನಿಮ್ಮ ಚೋಕ್ ಕೆಟ್ಟಿಲ್ಲ ಅಂತಲೇ ನನಗನಿಸುತ್ತದೆ. ಅದಕ್ಕೆ ಬೇಕಾದಷ್ಟು ಕರೆಂಟ್ ಸಿಗುತ್ತಿಲ್ಲ, ಅಷ್ಟೇ. ಕಾಯಿಲ್ (ಪ್ಲಗ್ ಕಿಡಿಗೆ ಹೈ ವೋಲ್ಟೇಜ್ ಕೊಡೋದು) ಬದಲಾದ ಮೇಲೆ ತೊಂದರೆ ಶುರುವಾಯ್ತು ಅಂತ ನೀವೇ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ.

ಚೋಕಿನ ಆ ಕರಿ ಕ್ಯಾಪಿನೊಳಗೆ ಸುರುಳಿ ಸುತ್ತಿದ ಒಂದು ಪಟ್ಟಿ ಇದೆ. ಎರಡು ಬೇರೆ ಬೇರೆ ಲೋಹ ಬೆಸೆದು ಮಾಡಿದ್ದು. ತಣ್ಣಗಿದ್ದಾಗ ಅದು ಚೋಕ್ ಪ್ಲೇಟನ್ನು ಮುಚ್ಚಿ ಹಿಡಿಯುತ್ತದೆ. ಕೀ ಆನ್ ಮಾಡಿದರೆ ಪಕ್ಕದ ಹೀಟರ್ ಕಾಯುತ್ತದೆ, ಸುರುಳಿ ಸಡಿಲಾಗುತ್ತದೆ, ಪ್ಲೇಟ್ ನಿಧಾನಕ್ಕೆ ತೆರೆಯುತ್ತದೆ. 12 ವೋಲ್ಟ್ ಪೂರ್ತಿ ಸಿಕ್ಕರೆ ಈ ಕೆಲಸ ಎರಡರಿಂದ ಐದು ನಿಮಿಷದೊಳಗೆ ಮುಗಿಯುತ್ತದೆ.

ಬೀಟಲ್‌ನಲ್ಲಿ ಚೋಕಿನ ವೈರ್ ಬರೋದು ಕಾಯಿಲ್‌ನ 15 ನಂಬರ್ ಟರ್ಮಿನಲ್‌ನಿಂದ. ಕಂಪನಿ ಕಾಯಿಲ್‌ಗೆ ಹೊರಗಿನ ರೆಸಿಸ್ಟರ್ ಇರೋದಿಲ್ಲ, ಹಾಗಾಗಿ ಅಲ್ಲಿ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಆದರೆ ಈಗ ಮಾರ್ಕೆಟ್‌ನಲ್ಲಿ ಸಿಗೋ ಎಷ್ಟೋ ಕಾಯಿಲ್‌ಗಳು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬರುತ್ತವೆ. ಬಿಳಿ ಪಿಂಗಾಣಿಯ ಸಣ್ಣ ಇಟ್ಟಿಗೆ ಥರದ್ದು, ಕಾಯಿಲ್ ಪಕ್ಕದಲ್ಲೇ ಇರುತ್ತದೆ, ನೋಡಿ. ಅದನ್ನು ದಾಟಿ ಬಂದ ಮೇಲೆ ಕಾಯಿಲ್‌ಗೆ ಸಿಗೋದು 7ರಿಂದ 9 ವೋಲ್ಟ್ ಮಾತ್ರ. ಕಾಯಿಲ್‌ಗೆ ಅಷ್ಟು ಸಾಕು, ಅದನ್ನು ಮಾಡಿರೋದೇ ಹಾಗೆ. ಚೋಕಿಗೆ ಸಾಲದು. ಜೊತೆಗೆ ಚೋಕ್ ಕೂಡ ಅದೇ ರೆಸಿಸ್ಟರ್ ಮೂಲಕ ಒಂದೆರಡು ಆಂಪ್ ಎಳೆಯೋದರಿಂದ ಕಾಯಿಲ್‌ನ ಕಿಡಿಯೂ ಸಪ್ಪೆಯಾಗುತ್ತದೆ. ಮಸಿ ಪ್ಲಗ್, ಸಪ್ಪೆ ಕಿಡಿ, ಎರಡೂ ಸೇರಿದರೆ ಕರಿ ಹೊಗೆ ಬರದೆ ಇನ್ನೇನು ಬರುತ್ತದೆ?

ಹಾಗಾಗಿ ಮೊದಲು ಮೀಟರ್ (ಮಲ್ಟಿಮೀಟರ್) ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ ಕೆಂಪು ಕಡ್ಡಿ ಚೋಕಿನ ಟರ್ಮಿನಲ್‌ಗೆ, ಕಪ್ಪು ಕಡ್ಡಿ ಕಾರ್ಬ್ಯುರೇಟರ್ ಮೈಗೆ. 13 ವೋಲ್ಟ್ ಆಸುಪಾಸು ತೋರಿಸಬೇಕು. ಎಂಟೋ ಒಂಬತ್ತೋ ತೋರಿಸಿದರೆ ಕಳ್ಳ ಸಿಕ್ಕ ಹಾಗೆ. ವೋಲ್ಟ್ ಸರಿಯಾಗಿದ್ದೂ ಕ್ಯಾಪ್ ಬಿಸಿಯಾಗದಿದ್ದರೆ ವೈರ್ ಬಿಚ್ಚಿ ಓಮ್ ನೋಡಿ. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ, ಹೊಸ ಕ್ಯಾಪೇ ಗತಿ. ಅರ್ಥ್ ಮರೆಯಬೇಡಿ. ಹೀಟರ್‌ನ ಇನ್ನೊಂದು ತುದಿ ಅರ್ಥ್ ಆಗೋದು ಕಾರ್ಬ್ಯುರೇಟರ್ ಮೈಯಿಂದಲೇ. ಎಂಜಿನ್‌ಗೆ ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಇದೇ ಕೈಕೊಡೋದು ಜಾಸ್ತಿ. ಮೀಟರಿನ ಕಪ್ಪು ಕಡ್ಡಿಯನ್ನು ಒಮ್ಮೆ ಬ್ಯಾಟರಿ ಮೈನಸ್‌ಗೂ ಹಿಡಿದು ನೋಡಿ. ಎರಡು ಅಳತೆಗೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅರ್ಥ್ ಕೆಟ್ಟಿದೆ.

ವೈರಿಂಗ್ ಸರಿ ಮಾಡೋದು ಸುಲಭ. ಚೋಕಿನ ವೈರನ್ನು ಕಾಯಿಲ್‌ನಿಂದ ಬಿಚ್ಚಿ, ರೆಸಿಸ್ಟರ್‌ನ ಆಚೆ ಬದಿಗೆ, ಅಂದರೆ ಕೀಯಿಂದ ಬರೋ ಕಪ್ಪು ವೈರಿನ ಬದಿಗೆ ಕೊಡಿ. ಕಾರ್ಬ್ಯುರೇಟರ್‌ನಲ್ಲಿರೋ ಐಡ್ಲಿಂಗ್ ಸೊಲೆನಾಯ್ಡ್ (ಕೀ ಆಫ್ ಮಾಡಿದಾಗ ಐಡ್ಲಿಂಗ್ ಪೆಟ್ರೋಲ್ ನಿಲ್ಲಿಸೋದು) ವೈರೂ ಅಲ್ಲಿಗೇ ಬರಲಿ. ಹೊಸ ವೈರ್ 1.5 ಸ್ಕ್ವೇರ್ ಎಂ.ಎಂ. ಇರಲಿ, ಚೋಕಿನ ದಾರಿಯಲ್ಲಿ 5 ಆಂಪ್ ಫ್ಯೂಸ್ ಹಾಕಿ.

ಕೀ ಆನ್ ಇಟ್ಟು ಎಂಜಿನ್ ಸ್ಟಾರ್ಟ್ ಮಾಡದೆ ಕೂರೋ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಒಂದು ರಿಲೇ (ಕರೆಂಟಿನಿಂದ ಆನ್-ಆಫ್ ಆಗೋ ಸ್ವಿಚ್) ಹಾಕಿಸಿ. ಎಂಜಿನ್ ತಣ್ಣಗಿದ್ದರೂ ಕೀ ಆನ್ ಆದ ತಕ್ಷಣ ಹೀಟರ್ ಕಾಯತೊಡಗುತ್ತದೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡೋಕೆ ಹೋದರೆ ಚೋಕ್ ತೆರೆದುಕೊಂಡಿರುತ್ತದೆ, ಗಾಡಿ ಸ್ಟಾರ್ಟ್ ಆಗೋದಿಲ್ಲ. ರಿಲೇಯ 30 ನಂಬರ್ ಪಿನ್‌ಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ವೈರ್, 87ರಿಂದ ಚೋಕಿಗೆ, 85 ಅರ್ಥ್. 86ಕ್ಕೆ ಚಾರ್ಜಿಂಗ್ ಲೈಟಿನ ವೈರ್, ಬೀಟಲ್‌ನಲ್ಲಿ ಅದು 61 ನಂಬರ್. ಎಂಜಿನ್ ತಿರುಗಿ ಚಾರ್ಜ್ ಶುರುವಾದರೆ ಮಾತ್ರ ಚೋಕಿಗೆ ಕರೆಂಟ್ ಹೋಗುತ್ತದೆ. ನನಗೆ ತುಂಬಾ ಇಷ್ಟವಾದ ವೈರಿಂಗ್ ಇದು.

ಇಷ್ಟಾದ ಮೇಲೆ ಕ್ಯಾಪ್. ರಾತ್ರಿ ಪೂರ್ತಿ ನಿಂತ ಎಂಜಿನ್ ಮೇಲೆ, ಕೀ ಆಫ್ ಇಟ್ಟು ಮಾಡಬೇಕು. ಏರ್ ಕ್ಲೀನರ್ ತೆಗೆಯಿರಿ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯೋ ಕವಾಟ) ಒಮ್ಮೆ ತೆರೆದು ಬಿಡಿ. ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿರೋ ಫಾಸ್ಟ್ ಐಡಲ್ ಕ್ಯಾಮ್ (ತಣ್ಣನೆ ಎಂಜಿನ್‌ನ ಐಡ್ಲಿಂಗ್ ವೇಗ ಹೆಚ್ಚಿಸೋ ಭಾಗ) ಸಿಕ್ಕಿಕೊಂಡಿರುತ್ತದೆ, ಪ್ಲೇಟ್ ಅಲುಗೋದಿಲ್ಲ. ಕ್ಯಾಪ್ ಹಿಡಿದಿರೋ ರಿಂಗಿನ ಮೂರು ಸ್ಕ್ರೂ ಸಡಿಲ ಮಾಡಿ, ಬಿಚ್ಚಬೇಡಿ. ಈಗ ಕ್ಯಾಪ್ ತಿರುಗಿಸುತ್ತಾ ಕಣ್ಣು ಪ್ಲೇಟಿನ ಮೇಲಿಡಿ. ಕ್ಯಾಪ್ ತಿರುಗಿದರೂ ಪ್ಲೇಟ್ ಅಲುಗದಿದ್ದರೆ, ಹಿಂದೆ ಯಾರೋ ಕ್ಯಾಪ್ ಕೂರಿಸುವಾಗ ಸುರುಳಿಯ ಕೊಂಡಿಯನ್ನು ಒಳಗಿನ ಲಿವರಿಗೆ ಸಿಕ್ಕಿಸಿಲ್ಲ. ಕ್ಯಾಪ್ ತೆಗೆದು ಕೊಂಡಿ ಸಿಕ್ಕಿಸಿ ಮತ್ತೆ ಕೂರಿಸಿ.

ಕಾರ್ಬ್ಯುರೇಟರ್ ಮೈಮೇಲೆ ಮೂರು ಗೆರೆ ಇವೆ. ಕ್ಯಾಪಿನ ಗುರುತು ನಡುವಿನ ಗೆರೆಗೆ ಬರಬೇಕು ಅನ್ನೋದು ಪುಸ್ತಕದ ಲೆಕ್ಕ. ಆದರೆ ಆ ಲೆಕ್ಕ ಜರ್ಮನಿಯ ಚಳಿಯನ್ನೂ ತಡೆಯಬೇಕು. ಅಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಧಾರವಾಡದಲ್ಲಿ ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಹಾಕಿದರೂ 14-15 ಡಿಗ್ರಿ ಇದ್ದೇ ಇರುತ್ತದೆ. ಹಾಗಾಗಿ ನಾನು ಪ್ಲೇಟ್ ಮುಚ್ಚೋವರೆಗೆ ತಿರುಗಿಸಿ, ಆಮೇಲೆ ಸಣ್ಣ ಸಂದು ಕಾಣೋ ತನಕ ವಾಪಸ್ ತರುತ್ತೇನೆ. ನಡುವಿನ ಗೆರೆಗಿಂತ ಸ್ವಲ್ಪ ತೆರೆಯೋ ಕಡೆಗೇ ಅದು ನಿಲ್ಲುತ್ತದೆ. ಸ್ಕ್ರೂ ಹದವಾಗಿ ಬಿಗಿ ಮಾಡಿ, ಜೋರು ಮಾಡಿದರೆ ಕ್ಯಾಪ್ ಸೀಳುತ್ತದೆ.

ಬೆಳಿಗ್ಗೆ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟು ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದ ಕೂಡಲೇ ಪ್ಲೇಟ್ ತಾನೇ ಸ್ವಲ್ಪ ತೆರೆಯಬೇಕು, ಅದು ವ್ಯಾಕ್ಯೂಮ್ ಡಯಾಫ್ರಮ್ (ಎಂಜಿನ್ ಗಾಳಿ ಎಳೆಯೋ ಎಳೆತಕ್ಕೆ ಅಲುಗೋ ಪೊರೆ) ಕೆಲಸ. ತೆರೆಯದಿದ್ದರೆ ಡಯಾಫ್ರಮ್ ಹರಿದಿದೆ, ಆಗಲೂ ಇದೇ ಕರಿ ಹೊಗೆ ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಇವತ್ತೇ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಬೀಟಲ್‌ನಲ್ಲಿ ಇರೋದೇ ಎರಡೂವರೆ ಲೀಟರ್ ಆಯಿಲ್, ಅದು ತೆಳುವಾದರೆ ಬೇರಿಂಗ್ ಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಯಲ್ಲಿ ಸೋಲೆಕ್ಸ್ ಪಿಬಿಐಸಿ ಕಾರ್ಬ್ಯುರೇಟರ್ ಇದೆ. ಚೋಕ್ ಎಳೆದರೂ ಚಳಿಗೆ ಸ್ಟಾರ್ಟ್ ಆಗೋದಿಲ್ಲ. ಇದಕ್ಕೂ ಎಲೆಕ್ಟ್ರಿಕ್ ಚೋಕ್ ಹಾಕಬಹುದಾ?
(ಓದುಗರು, ಬೆಟಗೇರಿ, ಗದಗ)

ಉತ್ತರ: ಆಗೋದಿಲ್ಲ, ಬೇಕಾಗಿಯೂ ಇಲ್ಲ. ಪಿಬಿಐಸಿಯಲ್ಲಿ ಮೇಲೆ ಮುಚ್ಚೋ ಪ್ಲೇಟೇ ಇಲ್ಲ. ಪಕ್ಕದಲ್ಲೊಂದು ಬಿಲ್ಲೆ ತಿರುಗಿ, ಬೇರೆ ದಾರಿಯಿಂದ ಪೆಟ್ರೋಲ್ ಬಿಡುತ್ತದೆ. ಎಂಜಿನ್ ಅದನ್ನು ಎಳೆದುಕೊಳ್ಳಬೇಕಾದರೆ ಥ್ರಾಟಲ್ ಮುಚ್ಚಿರಬೇಕು. ಚೋಕ್ ಎಳೆದು ಆಕ್ಸಿಲರೇಟರ್ ಪಂಪ್ ಮಾಡ್ತಾ ಸೆಲ್ಫ್ ಹೊಡೀತಾ ಇದ್ದೀರಾ? ಬಹುಪಾಲು ಜನ ಮಾಡೋದು ಅದನ್ನೇ. ನಾಳೆ ಕಾಲು ಪೂರ್ತಿ ತೆಗೆದು ಪ್ರಯತ್ನಿಸಿ. ಬೀಟಲ್‌ಗೆ ಒತ್ತಲೇಬೇಕು, ಪದ್ಮಿನಿಗೆ ಮುಟ್ಟಲೇಬಾರದು.

ಆಗಲೂ ಹಿಡಿಯದಿದ್ದರೆ ಕೇಬಲ್ ನೋಡಿ. ಒಬ್ಬರು ಒಳಗೆ ಕೂತು ಬಟನ್ ಪೂರ್ತಿ ಎಳೆಯಲಿ, ನೀವು ಬಾನೆಟ್ ಎತ್ತಿ ಲಿವರ್ ಕೊನೆಯವರೆಗೆ ತಿರುಗುತ್ತದಾ ನೋಡಿ. ಒಳಗೆ ತಳ್ಳಿದಾಗ ಪೂರ್ತಿ ವಾಪಸ್ ಬರಬೇಕು.

ಪ್ರಶ್ನೆ: 1965ರ ಬೀಟಲ್. 12 ವೋಲ್ಟಿಗೆ ಬದಲಾಯಿಸಿದ ಮೇಲೆ ಚೋಕ್ ಕ್ಯಾಪ್ ಸುಟ್ಟು ಹೋಯ್ತು. ಹಳೆಯದರಂಥದ್ದೇ ತಂದು ಹಾಕಿದೆ, ಅದೂ ಹೋಯ್ತು. ಯಾಕೆ?
(ಓದುಗರು, ಹಾವೇರಿ)

ಉತ್ತರ: ಹಳೆಯದರಂಥದ್ದೇ ತಂದಿರಲ್ಲ, ಅದಕ್ಕೇ. ನಿಮ್ಮ ಗಾಡಿ ಹುಟ್ಟಿದ್ದು 6 ವೋಲ್ಟಿನಲ್ಲಿ, ಅದರ ಚೋಕ್ ಹೀಟರೂ 6 ವೋಲ್ಟಿನದ್ದೇ. ವೋಲ್ಟೇಜ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಕ್ಯಾಪಿನ ಮೇಲೆ 6ವಿ ಅಥವಾ 12ವಿ ಅಂತ ಅಚ್ಚು ಇರುತ್ತದೆ. ಅಂಗಡಿಯಲ್ಲೇ ಬೆಳಕಿಗೆ ಹಿಡಿದು ಓದಿ, 12 ವೋಲ್ಟಿನದ್ದನ್ನೇ ತನ್ನಿ. ಹಾಕುವ ಮುಂಚೆ, ಸುಟ್ಟ ಕ್ಯಾಪಿಗೆ ಹೋಗುತ್ತಿದ್ದ ವೈರನ್ನೂ ಕಾಯಿಲ್‌ವರೆಗೆ ಕೈಯಾಡಿಸಿ ನೋಡಿ. ಎಲ್ಲಾದರೂ ಗಟ್ಟಿಯಾಗಿ ಪಟಪಟ ಅಂತ ಮುರಿಯೋ ಹಾಗಿದ್ದರೆ ಆ ತುಂಡು ಬದಲಿಸಿ.