ಬುಧನೇ ಸೂರ್ಯನಿಗೆ ಹತ್ತಿರ, ಆದರೂ ಶುಕ್ರ ಹೆಚ್ಚು ಬಿಸಿ ಯಾಕೆ? ಹುಬ್ಬಳ್ಳಿಯಿಂದ ಇವೆರಡೂ ಬರಿಗಣ್ಣಿಗೆ ಕಾಣುತ್ತವೆಯೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ: ಎರಡೂ ಕಾಣುತ್ತವೆ. ಶುಕ್ರ ನಮ್ಮ ಬೆಳ್ಳಿ ಚುಕ್ಕಿಯೇ, ಹುಡುಕಬೇಕಿಲ್ಲ. ಬುಧನಿಗೆ ಮಾತ್ರ ದಿನ, ವೇಳೆ, ಜಾಗ ಮೂರೂ ಕೂಡಿ ಬರಬೇಕು.

ಈಗ ಬಿಸಿಯ ವಿಷಯ. ಬುಧ ಸೂರ್ಯನಿಂದ ಸರಾಸರಿ 5.8 ಕೋಟಿ ಕಿ.ಮೀ., ಶುಕ್ರ 10.8 ಕೋಟಿ ಕಿ.ಮೀ. ದೂರ. ಅಷ್ಟೇ ಜಾಗದ ಮೇಲೆ ಬುಧನಿಗೆ ಬೀಳುವ ಬಿಸಿಲು ಶುಕ್ರನದಕ್ಕಿಂತ ಸುಮಾರು ಮೂರೂವರೆ ಪಟ್ಟು. ಆದರೆ ಕಾದ ನೆಲದ ಶಾಖ ಹಿಡಿದಿಡಲು ಬುಧನಿಗೆ ವಾತಾವರಣ ಇಲ್ಲವೆಂದೇ ಹೇಳಬೇಕು. ಹಗಲು 430 ಡಿಗ್ರಿ ಸೆಲ್ಸಿಯಸ್ ಮುಟ್ಟುವ ನೆಲ ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಆ ರಾತ್ರಿಯೂ ಸಣ್ಣದಲ್ಲ: ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ನಮ್ಮ 176 ದಿನ ಬೇಕು. ಅಕ್ಷ ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಧ್ರುವಗಳ ಹತ್ತಿರದ ಕೆಲವು ಕುಳಿಗಳ ತಳಕ್ಕೆ ಬಿಸಿಲೇ ತಾಗುವುದಿಲ್ಲ. ಅಲ್ಲಿ ನೀರಿನ ಮಂಜುಗಡ್ಡೆ ಇದೆ ಎಂಬುದಕ್ಕೆ 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆ ಬಲವಾದ ಸಾಕ್ಷ್ಯ ಕೊಟ್ಟಿತು.

ಶುಕ್ರನ ಲೆಕ್ಕ ಇನ್ನೂ ವಿಚಿತ್ರ. ಗಂಧಕಾಮ್ಲದ ಮೋಡಗಳು ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತವೆ. ಹಾಗಾಗಿ ಅದು ಹೀರಿಕೊಳ್ಳುವ ಬಿಸಿಲು ಭೂಮಿಗಿಂತಲೂ ಕಡಿಮೆ! ಆದರೂ ನೆಲ ಸುಮಾರು 465 ಡಿಗ್ರಿ, ಹಗಲಾಗಲಿ ರಾತ್ರಿಯಾಗಲಿ. ಒಳಹೊಕ್ಕ ಸ್ವಲ್ಪ ಬಿಸಿಯೂ ಸಲೀಸಾಗಿ ಹೊರಬೀಳದಂತೆ ಇಂಗಾಲದ ಡೈಆಕ್ಸೈಡ್ ಪದರದ ಮೇಲೆ ಪದರ ಹೊಲಿದ ಕೌದಿಯಂತೆ ಹೊದ್ದುಕೊಂಡಿದೆ. ಒತ್ತಡ ನಮ್ಮ ಸಮುದ್ರಮಟ್ಟದ 90 ಪಟ್ಟಿಗಿಂತ ಹೆಚ್ಚು. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ-13 ಅಲ್ಲಿ 127 ನಿಮಿಷ ತಾಳಿತು, ಅದೇ ದೊಡ್ಡ ಮಾತು.

‘ಇಂಗಾಲದ ಡೈಆಕ್ಸೈಡ್ ಇದ್ದರೆ ಬಿಸಿ’ ಎಂದಷ್ಟೇ ಮಕ್ಕಳಿಗೆ ಹೇಳಿದರೆ ಮಂಗಳ ಬಂದು ಕೆಡಿಸುತ್ತಾನೆ. ಅವನ ಗಾಳಿಯಲ್ಲೂ ಶೇ. 95 ಅದೇ ಅನಿಲ, ಆದರೆ ಒತ್ತಡ ಭೂಮಿಯ ನೂರನೇ ಒಂದು ಪಾಲೂ ಇಲ್ಲ. ಸರಾಸರಿ ಉಷ್ಣತೆ ಮೈನಸ್ 60ರ ಆಸುಪಾಸು. ಶೇಕಡಾವಾರು ನೋಡಿದರೆ ಸಾಲದು, ಒಟ್ಟು ಎಷ್ಟಿದೆ ಎಂಬುದನ್ನೂ ನೋಡಬೇಕು.

ಇನ್ನು ಬುಧನನ್ನು ನೋಡುವುದು. ಅದು ಸೂರ್ಯನಿಂದ 28 ಡಿಗ್ರಿ ದಾಟಿ ಹೋಗುವುದೇ ಇಲ್ಲ. ಸಂಜೆಗೆ ಫೆಬ್ರವರಿಯಿಂದ ಏಪ್ರಿಲ್, ಮುಂಜಾನೆಗೆ ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯದು, ಆಗ ಬುಧ ಸೂರ್ಯ ಮುಳುಗಿದ ಅಥವಾ ಹುಟ್ಟುವ ಜಾಗಕ್ಕೆ ಹೆಚ್ಚುಕಡಿಮೆ ನೇರ ಮೇಲೆ ನಿಲ್ಲುತ್ತಾನೆ. ಮಳೆ ತೊಳೆದ ಅಕ್ಟೋಬರ್ ಮುಂಜಾನೆಯೇ ನನಗೆ ಮೇಲೆನಿಸುತ್ತದೆ, ಮಾರ್ಚ್ ಸಂಜೆಗೆ ಧೂಳಿನ ಕಾಟ. ಫೋನಿನಲ್ಲಿ ಸ್ಟೆಲೇರಿಯಂ ಎಂಬ ಆಕಾಶನಕ್ಷೆಯ ಆ್ಯಪ್ ತೆರೆದು ಊರು ಹುಬ್ಬಳ್ಳಿ ಎಂದಿಟ್ಟು, ಬುಧ ಸೂರ್ಯನಿಂದ ಅತಿ ದೂರ ಸರಿಯುವ ದಿನ ಹುಡುಕಿ. ಸಂಜೆಯಾದರೆ ಅದಕ್ಕೆ ಮೊದಲಿನ ವಾರ ಹೋಗಿ, ಮುಂಜಾನೆಯಾದರೆ ನಂತರದ ವಾರ. ಚಂದ್ರನ ಹಾಗೆ ಬುಧನ ಬೆಳಗಿದ ಭಾಗವೂ ನಮಗೆ ಹೆಚ್ಚುಕಡಿಮೆಯಾಗುತ್ತಾ ಕಾಣುತ್ತದೆ, ಆ ವಾರಗಳಲ್ಲಿ ಅದು ಹೆಚ್ಚು.

ಸೂರ್ಯ ಮುಳುಗಿ 30–40 ನಿಮಿಷಕ್ಕೆ ಪಶ್ಚಿಮಕ್ಕೆ ಕೈಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಬುಧ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತಾನೆ. ಊರೊಳಗೆ ಅಪಾರ್ಟ್‌ಮೆಂಟು, ಗಿಡಗಳೇ ಆ ಮುಷ್ಟಿಯನ್ನು ನುಂಗಿಬಿಡುತ್ತವೆ. ನೃಪತುಂಗ ಬೆಟ್ಟ ನಡೆದೀತು, ನವಲಗುಂದ ಕಡೆಯ ಬಟಾಬಯಲು ಎರಿ ಹೊಲ ಇನ್ನೂ ಚಲೋ. ‘ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ’ ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ. ದಿಗಂತದ ದಟ್ಟ ಗಾಳಿಯಲ್ಲಿ ಬುಧನೂ ಮಿನುಗುತ್ತಾನೆ.

7×50 ಅಥವಾ 10×50 ದುರ್ಬೀನು ಇದ್ದರೆ ಹುಡುಕುವುದು ಸಲೀಸು. ಸಂಜೆ ಸೂರ್ಯ ಪೂರ್ತಿ ಮುಳುಗುವವರೆಗೆ ಅದನ್ನು ಕಣ್ಣಿಗೆ ಹಿಡಿಯಬೇಡಿ, ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ಚೀಲಕ್ಕೆ ಹಾಕಿ. 2032ರ ನವೆಂಬರ್ 13ರ ಮಧ್ಯಾಹ್ನ ಬುಧ ಸೂರ್ಯಬಿಂಬದ ಮೇಲೇ ಹಾದುಹೋಗುವುದು ನಮ್ಮಲ್ಲಿಂದ ಕಾಣಲಿದೆ. ಗ್ರಹಣದ ಕನ್ನಡಕಕ್ಕೆ ಆ ಚುಕ್ಕೆ ಸಿಗದು, ಟೆಲಿಸ್ಕೋಪ್ ಬೇಕು. ಸೌರ ಫಿಲ್ಟರನ್ನು ಅದರ ಮುಂಬಾಯಿಗೇ ಹಾಕಬೇಕು. ಕಣ್ಣಿನ ಕಡೆಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್ ಕಾದು ಸೀಳುತ್ತದೆ.