ಓದುಗರ ಪ್ರಶ್ನೆ: ಫುಟ್ಬಾಲ್ ತಂಡದ ಫಿಟ್ನೆಸ್ ಕೋಚ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 23 ವರ್ಷ. ಎರಡು ವರ್ಷದಿಂದ ಜಿಮ್ ಟ್ರೈನರ್ ಆಗಿದ್ದೇನೆ. ಫುಟ್ಬಾಲ್ ಅಂದ್ರೆ ಪ್ರಾಣ. ದೊಡ್ಡ ಕ್ಲಬ್‌ನಲ್ಲಿ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್ ಆಗಲು ಏನು ಓದಬೇಕು? ಜಿಮ್ ಅನುಭವ ಸಾಕಾ?

ಉತ್ತರ: ಓದಿನ ಮಾತು ಮೊದಲು ಮುಗಿಸಿಬಿಡೋಣ. ಸ್ಪೋರ್ಟ್ಸ್ ಸೈನ್ಸ್ ಅಥವಾ ಅದಕ್ಕೆ ಹತ್ತಿರದ ಒಂದು ಪದವಿ ಇರಲಿ. ಅದರ ಮೇಲೆ ಅಮೆರಿಕದ ಎನ್‌ಎಸ್‌ಸಿಎ ಎಂಬ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಸಂಸ್ಥೆ ಕೊಡುವ ಸಿಎಸ್‌ಸಿಎಸ್ ಸರ್ಟಿಫಿಕೇಟ್ ಅಥವಾ ಬ್ರಿಟನ್ನಿನ ಅಂಥದ್ದೇ ಸಂಸ್ಥೆ ಯುಕೆಎಸ್‌ಸಿಎಯ ಮಾನ್ಯತೆ ಪಡೆಯಿರಿ. ಸಿಎಸ್‌ಸಿಎಸ್‌ಗೆ ಪದವಿ ಬೇಕೇ ಬೇಕು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಕೊಡುವ ತುರ್ತು ಚಿಕಿತ್ಸೆ) ಸರ್ಟಿಫಿಕೇಟೂ ಬೇಕು.

ಜಿಮ್ ಅನುಭವ ಖಂಡಿತ ಕೆಲಸಕ್ಕೆ ಬರುತ್ತದೆ, ಆದರೆ ಸಾಲದು. ಗೋಲ್‌ಕೀಪರ್ ಬಿಟ್ಟರೆ ಒಬ್ಬ ಆಟಗಾರ 90 ನಿಮಿಷದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ಬಹುಪಾಲು ನಡಿಗೆ, ಮೆಲ್ಲನೆಯ ಓಟ. ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಓಡುವುದು ಕೆಲವು ನೂರು ಮೀಟರ್ ಮಾತ್ರ. ಗೋಲಿಗೆ ದಾರಿಯಾಗುವುದು ಹೆಚ್ಚಾಗಿ ಆ ಓಟ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹರಿಯುವುದೂ ಜಾಸ್ತಿ ಅದರಲ್ಲೇ. ಹಾಗಂತ ಸ್ಪ್ರಿಂಟ್ ಮಾಡಿಸದೆ ಕಾಪಾಡಲು ಹೋದರೆ ಪಂದ್ಯದ ದಿನ ಕಾಲು ಅದಕ್ಕೆ ತಯಾರೇ ಇರುವುದಿಲ್ಲ. ಯಾವ ದಿನ ಎಷ್ಟು ಓಡಿಸಬೇಕು, ಯಾವ ದಿನ ಸ್ಕ್ವಾಟ್, ಯಾವ ದಿನ ಸುಮ್ನೆ ಬಿಡಬೇಕು, ಇದನ್ನು ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸಿ ನಿರ್ಧರಿಸುತ್ತೇವೆ. ಭಾರಿ ಕೆಲಸವೆಲ್ಲ ಪಂದ್ಯಕ್ಕೆ ಮೂರು ನಾಲ್ಕು ದಿನ ಇರುವಾಗ. ಹಿಂದಿನ ದಿನ ಚಿಕ್ಕದು, ಚುರುಕಾದದ್ದು. ಪಂದ್ಯದ ಮರುದಿನ ಆಡಿದವರಿಗೆ ವಿಶ್ರಾಂತಿ, ಬೆಂಚಿನಲ್ಲಿ ಕೂತವರಿಗೆ ಓಟ, ಯಾಕೆಂದರೆ ಅವರಿಗೆ ಆ ವಾರದ ಸ್ಪ್ರಿಂಟ್ ಸಿಕ್ಕಿರುವುದೇ ಇಲ್ಲ. ವಾರಕ್ಕೆ ಎರಡು ಪಂದ್ಯ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು.

ಇನ್ನೊಂದು ವಿಷಯ ಯಾವ ಕೋರ್ಸಿನಲ್ಲೂ ನನಗೆ ಸರಿಯಾಗಿ ಸಿಗಲಿಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ಪ್ರತಿಯೊಬ್ಬನನ್ನೂ ಕೇಳುತ್ತೇವೆ: ಸೊನ್ನೆಯಿಂದ ಹತ್ತರೊಳಗೆ, ಇವತ್ತು ಎಷ್ಟು ಕಷ್ಟ ಆಯ್ತು? ಆ ಅಂಕಿಯನ್ನು ಪ್ರಾಕ್ಟೀಸಿನ ನಿಮಿಷಗಳಿಂದ ಗುಣಿಸಿದರೆ ಅವತ್ತಿನ ಲೋಡ್, ಅಂದರೆ ಮೈಮೇಲೆ ಬಿದ್ದ ಶ್ರಮದ ಲೆಕ್ಕ. ನಮ್ಮಲ್ಲೊಬ್ಬ ವಿಂಗರ್ ದಿನಾ 'ನಾಲ್ಕು' ಅನ್ನುತ್ತಿದ್ದ. 75 ನಿಮಿಷಕ್ಕೆ 300. ಒಂದು ದಿನ ಅವನು ಶೂ ಬಿಚ್ಚಲು ಕೂತದ್ದನ್ನು ನೋಡಿದೆ. ಎರಡೂ ಕೈ ಬೆಂಚಿಗೆ ಊರಿ, ಬಲಗಾಲನ್ನು ಮಡಿಸದೆ ನೀಟಾಗಿ ಮುಂದೆ ಚಾಚಿ, ನಿಧಾನಕ್ಕೆ ಇಳಿದ. ಪಕ್ಕದಲ್ಲಿ ಹೋಗಿ ಕೂತು, ನಿಜ ಹೇಳು, ಎಷ್ಟು ಅಂದೆ. "ಎಂಟು. ಆದ್ರೆ ಎಂಟು ಅಂದ್ರೆ ನೀವು ಹೆಡ್ ಕೋಚ್‌ಗೆ ಹೇಳ್ತೀರಿ, ನಾನು ಟೀಮ್‌ನಿಂದ ಹೊರಗೆ" ಅಂದ. ಅಂದರೆ ನನ್ನ ಹಾಳೆಯಲ್ಲಿ 300, ಅವನ ಕಾಲಲ್ಲಿ 600. ತಪ್ಪು ನನ್ನದೇ. ಅದಕ್ಕೂ ಮುಂಚೆ ಇನ್ನೊಬ್ಬ ಹುಡುಗ ಹೇಳಿಕೊಂಡ ನೋವನ್ನು ನಾನು ಎಲ್ಲರ ಎದುರು ಹೆಡ್ ಕೋಚ್ ಹತ್ತಿರ ಆಡಿದ್ದೆ, ಅದನ್ನು ಇಡೀ ತಂಡ ಕೇಳಿಸಿಕೊಂಡಿತ್ತು. ಆ ನಂಬಿಕೆ ವಾಪಸ್ ಬರಲು ಇಡೀ ಸೀಸನ್ ಹಿಡಿಯಿತು. ಆಟಗಾರನ ಬೆನ್ನಿಗೆ ಕಟ್ಟುವ ಜಿಪಿಎಸ್ ಸಾಧನ ಅವನು ಎಷ್ಟು ಓಡಿದ ಅಂತ ಹೇಳುತ್ತದೆ. ಎಲ್ಲಿ ಹಿಡ್ಕೊಂಡಿದೆ ಅಂತ ಆಟಗಾರನೇ ಬಾಯಿಬಿಡಬೇಕು, ಅವನು ಬಾಯಿಬಿಡುವಂಥ ಮನುಷ್ಯ ನೀವಾಗಿರಬೇಕು.

ಪ್ರಶ್ನೆ: ಒಂದು ಅಕಾಡೆಮಿಯಲ್ಲಿ 14 ವರ್ಷದ ಮಕ್ಕಳಿಗೆ ವಾರ್ಮ್‌ಅಪ್ ಮಾಡಿಸುತ್ತೇನೆ. ಸಲಕರಣೆ ಏನೂ ಇಲ್ಲ. ಇದು ಅನುಭವ ಅಂತ ಲೆಕ್ಕಕ್ಕೆ ಬರುತ್ತಾ?

ಉತ್ತರ: ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಫಿಫಾದ 11+ ವಾರ್ಮ್‌ಅಪ್ 2006ರಲ್ಲಿ ಬಂತು. ಸುಮಾರು 20 ನಿಮಿಷ, ಯಂತ್ರ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಪರೀಕ್ಷಿಸಿದಾಗ ಒಟ್ಟು ಗಾಯಗಳು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ಅದರಲ್ಲಿರುವ ನಾರ್ಡಿಕ್ ವ್ಯಾಯಾಮವನ್ನು ಮಾತ್ರ ಬಿಡಬೇಡಿ. ಮೊಣಕಾಲೂರಿ ನಿಲ್ಲಬೇಕು, ಜೊತೆಗಾರ ಹಿಮ್ಮಡಿ ಹಿಡಿದಿರುತ್ತಾನೆ, ಸೊಂಟ ಮುರಿಯದೆ ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬೀಳಬೇಕು. ಮೊದಲ ವಾರ ಎಲ್ಲರೂ ದೊಪ್ಪನೆ ಬೀಳುತ್ತಾರೆ, ತೊಡೆ ನೋವು ಅನ್ನುತ್ತಾರೆ. ಕೆಲವೇ ಸಲ ಮಾಡಿಸಿ, ವಾರ ವಾರ ಏರಿಸಿ. ಯುರೋಪಿನ ದೊಡ್ಡ ಕ್ಲಬ್‌ಗಳ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು 2001-02ರಲ್ಲಿ 12% ಇದ್ದದ್ದು 2021-22ಕ್ಕೆ 24% ಆಗಿದೆ, ಹಾಗಾಗಿ ಈ ಅಭ್ಯಾಸ ಚಿಕ್ಕಂದಿನಲ್ಲೇ ಬೀಳಲಿ.

ಇನ್ನೊಂದು, ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಅಳೆದು ಬರೆದಿಡಿ. ದಿಢೀರ್ ಅಂತ ಬೆಳೆಯುವ ಹುಡುಗ ಮೊಣಕಾಲ ಕೆಳಗೆ ನೋವು ಅಂದರೆ ಸೋಮಾರಿ ಅನ್ನಬೇಡಿ, ನೆಗೆತ ಕಡಿಮೆ ಮಾಡಿ, ಫಿಸಿಯೋಗೆ ತೋರಿಸಿ. ಆ ನೋಟ್‌ಬುಕ್ ಸಂದರ್ಶನಕ್ಕೂ ತಗೊಂಡು ಹೋಗಿ.

ಪ್ರಶ್ನೆ: ಮಗ ಇದೇ ಕೆಲಸ ಬೇಕು ಅಂತಾನೆ. ಇದರಲ್ಲಿ ಭದ್ರತೆ ಇದೆಯಾ?

ಉತ್ತರ: ಇಲ್ಲಮ್ಮ, ಅಷ್ಟಾಗಿ ಇಲ್ಲ. ತಂಡ ಸೋತು ಹೆಡ್ ಕೋಚ್ ಹೋದರೆ ಎಷ್ಟೋ ಸಲ ಅವರ ಜೊತೆಗಿದ್ದವರೂ ಹೋಗಬೇಕಾಗುತ್ತದೆ. ಶನಿವಾರ, ಭಾನುವಾರ, ಹಬ್ಬ, ಯಾವುದೂ ಮನೆಯವರ ಪಾಲಿಗಿರುವುದಿಲ್ಲ. ತಡೆಯಬೇಡಿ, ಆದರೆ ಯಾವುದಾದರೂ ತಂಡದ ಜೊತೆ ಒಂದು ತಿಂಗಳು ಇದ್ದು ಬರಲು ಹೇಳಿ. ಆಟಗಾರರಿಗಿಂತ ಎರಡು ಗಂಟೆ ಮುಂಚೆ ಹೋಗಿ ಕೋನ್ ಇಡಬೇಕು, ಎಲ್ಲರೂ ಹೋದ ಮೇಲೆ ಅವನ್ನು ಎತ್ತಿಡಬೇಕು. ತಿಂಗಳಾದ ಮೇಲೂ ಅಲಾರಂಗಿಂತ ಮುಂಚೆ ಎದ್ದು ಕೂತಿದ್ದರೆ, ಫೀಸ್ ಕಟ್ಟಿ.