ಪಾರ್ಕಿನ್ಸನ್ ಇರುವ ತಂದೆಯವರ ಕೆಮ್ಮಿಗೆ ಮೂರು ಗುಂಡಿನ ಸ್ಪೈರೋಮೀಟರ್ ಸಾಕೇ?

ನೀರು ಕುಡಿದ ಮೇಲೆ ತಂದೆಯವರ ದನಿ ಗೊರಗೊರ ಅನ್ನುತ್ತದೆ, ಕೆಮ್ಮು ಮೆತ್ತಗಾಗಿದೆ, ಕಲಬುರಗಿಯ ಮೆಡಿಕಲ್ ಅಂಗಡಿಯಿಂದ ತಂದ ಮೂರು ಗುಂಡಿನ ಸ್ಪೈರೋಮೀಟರ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅದು ಉಸಿರು ಒಳಗೆಳೆಯುವ ಅಭ್ಯಾಸಕ್ಕೆ ಮಾಡಿದ್ದು. ತಲೆಕೆಳಗು ಹಿಡಿದು ಊದಿಸಿದರೂ ಕೆಮ್ಮುವ ಸ್ನಾಯುಗಳಿಗೆ ಅದು ಭಾರವೇ ಅಲ್ಲ.

ಬೇಕಾದದ್ದು ಸ್ಪ್ರಿಂಗ್ ಕವಾಟದ ಇಎಂಎಸ್‌ಟಿ ಸಾಧನ, ಅಂದರೆ ಉಸಿರು ಹೊರಹಾಕುವ ಸ್ನಾಯುಗಳನ್ನು ಬಲಪಡಿಸುವ ಸಾಧನ. ನಿಗದಿತ ಒತ್ತಡ ಮುಟ್ಟದೆ ಅದರ ಕವಾಟ ತೆರೆಯುವುದಿಲ್ಲ. ಸ್ಪೀಚ್ ಥೆರಪಿಸ್ಟ್ ತಂದೆಯವರು ಊದಬಲ್ಲ ಗರಿಷ್ಠ ಒತ್ತಡ ಅಳೆದು, ಅದರ 75%ಕ್ಕೆ ಹೊಂದಿಸಿಕೊಡಬೇಕು. ಮೂಗಿಗೆ ಕ್ಲಿಪ್ ಹಾಕಿ, ಕೆನ್ನೆ ಉಬ್ಬದಂತೆ ಬೆರಳಲ್ಲಿ ಒತ್ತಿ, ಎದೆ ತುಂಬ ಉಸಿರೆಳೆದು ಒಮ್ಮೆಲೇ ರಭಸವಾಗಿ ಊದಬೇಕು. 5 ಸಲ ಊದಿ ಒಂದು ನಿಮಿಷ ಸುಧಾರಿಸಿಕೊಂಡು, ಹೀಗೆ 5 ಸುತ್ತು. ವಾರಕ್ಕೆ 5 ದಿನ. 2010ರಲ್ಲಿ ಪ್ರಕಟವಾದ 60 ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲಿ 4 ವಾರದ ಈ ಅಭ್ಯಾಸದಿಂದ ನುಂಗುವಾಗ ಶ್ವಾಸನಾಳಕ್ಕೆ ಸಿಗುವ ರಕ್ಷಣೆ ಸುಧಾರಿಸಿತು. ಹರ್ನಿಯಾ, ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಆದ ಕಣ್ಣಿನ ಅಥವಾ ಹೊಟ್ಟೆಯ ಆಪರೇಷನ್ ಇದ್ದರೆ ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಬಲ ಒಂದೇ ಸಾಲದು, ಕೆಮ್ಮುವ ವರಸೆಯೂ ಕೆಟ್ಟಿರುತ್ತದೆ. ಈ ಕಾಯಿಲೆಯಲ್ಲಿ ತಾನು ಜೋರಾಗಿಯೇ ಕೆಮ್ಮಿದೆ ಎಂದು ರೋಗಿಗೆ ಅನ್ನಿಸುತ್ತದೆ, ಹೊರಗೆ ಬರುವುದು ಬರೀ ಗಂಟಲು ಸರಿಮಾಡಿಕೊಂಡಷ್ಟು ಸದ್ದು. ಅದಕ್ಕೇ ಕಣ್ಣಿಗೆ ಕಾಣುವ ಗುರಿ ಬೇಕು. ಆಸ್ತಮಾದವರು ಬಳಸುವ, ಊದಿದ ರಭಸ ತೋರಿಸುವ ಪೀಕ್ ಫ್ಲೋ ಮೀಟರ್ ತನ್ನಿ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಪಾದ ನೆಲಕ್ಕೂರಿ ನೆಟ್ಟಗೆ ಕೂರಿಸಿ. ಪೂರ್ತಿ ಉಸಿರೆಳೆದು, ಗಂಟಲು ಬಿಗಿದು ಒಂದು ಕ್ಷಣ ತಡೆದು, ಹೊಟ್ಟೆಯಿಂದ ಆ ಮೀಟರಿನೊಳಗೆ ಕೆಮ್ಮಬೇಕು. ಮೂರು ಸಲದ ಅಂಕಿ ಬರೆದುಕೊಂಡು, ಅದಕ್ಕಿಂತ ಸುಮಾರು 25% ಮೇಲೆ ಗುರುತು ಹಾಕಿ. 'ಸರಿಯಾಗಿ ಕೆಮ್ಮ್ರಿ' ಅನ್ನುವ ಬದಲು 'ಮುಳ್ಳು ಈ ಗೆರೆ ದಾಟಸ್ರಿ' ಅಂದರೆ ತಕ್ಷಣ ವ್ಯತ್ಯಾಸ ಕಾಣುತ್ತದೆ. ಪರಿಣತರು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅನ್ನು ಅಳತೆಮಾಡಿ ಮಂಜಿನಂತೆ ಉಸಿರಾಡಿಸಿ, ತಾನಾಗಿ ಬರುವ ಕೆಮ್ಮನ್ನೂ ಬಲಪಡಿಸುತ್ತಾರೆ. ಮನೆಯಲ್ಲಿ ಖಾರದ ಘಾಟು ಹಾಕುವ ಸಾಹಸ ಬೇಡ.

ಊಟದಲ್ಲಿ ಕಟಕ ರೊಟ್ಟಿ, ಒಣ ಶೇಂಗಾ ಹಿಂಡಿ ಸದ್ಯಕ್ಕೆ ಬಿಡಿ. ಬಿಸಿ ರೊಟ್ಟಿಯನ್ನು ಗಟ್ಟಿ ಬ್ಯಾಳಿಯಲ್ಲಿ ಮೆತ್ತಗೆ ಕಲಸಿಕೊಡಿ. ನೀರು, ಮಜ್ಜಿಗೆ ಒಂದೊಂದೇ ಗುಟುಕು. ಗಟಗಟನೆ ಕುಡಿಯುವುದು ಬೇಡ.

ನೀರು ಕುಡಿದಾಗ ಬರುತ್ತಿದ್ದ ಕೆಮ್ಮು ಅಭ್ಯಾಸವಿಲ್ಲದೆ ತಾನಾಗಿಯೇ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ. ಗಂಟಲಿನ ಅರಿವು ಕುಗ್ಗಿ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಎಕ್ಸ್‌ರೇ ವಿಡಿಯೋ ಅಥವಾ ಮೂಗಿನ ಮೂಲಕ ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡುವ ಪರೀಕ್ಷೆಯನ್ನು ಅಭ್ಯಾಸ ಶುರುಮಾಡುವ ಮೊದಲೇ ಮಾಡಿಸಿ; ಊರಲ್ಲಿ ಸಿಗದಿದ್ದರೆ ಹೈದರಾಬಾದ್‌ನಲ್ಲಿ ವಿಚಾರಿಸಿ. ಜ್ವರ, ಏದುಸಿರು, ಕಫದ ಬಣ್ಣ ಬದಲಾದದ್ದು ಕಂಡರೆ ಅಭ್ಯಾಸ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.